ಭಾಗಮಂಡಲ–ತಲಕಾವೇರಿ ಏರುದಾರಿಯಲ್ಲಿ ಟರ್ಬೊ ವಾಹನದ ಇಂಟರ್‌ಕೂಲರ್: ಗಾಳಿಯೋ ನೀರೋ?

ಕೊಡಗಿನ ಭಾಗಮಂಡಲ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಎಂಟು ಕಿಲೋಮೀಟರ್ ಆಚೆಯ ತಲಕಾವೇರಿ 1,276 ಮೀಟರ್ ಎತ್ತರದಲ್ಲಿದೆ. ಸರಾಸರಿ ಏರು ಶೇ. 5ರ ಆಸುಪಾಸು, ತಿರುವುಗಳಲ್ಲಿ ಅದಕ್ಕಿಂತ ಕಡಿದು. ಬಸ್ಸು, ಜೀಪು, ಪಿಕಪ್, ತುಲಾ ಸಂಕ್ರಮಣದ ಯಾತ್ರಿಕರ ಕಾರು ಎಲ್ಲವೂ ಹತ್ತುವ ಈ ದಾರಿಯಲ್ಲಿ ಟರ್ಬೊ ಒತ್ತಿ ಬಿಸಿ ಮಾಡಿದ ಗಾಳಿಯನ್ನು ಇಂಟರ್‌ಕೂಲರಿನಲ್ಲಿ ಯಾವುದರಿಂದ ತಣಿಸುವುದು ಮೇಲು ಎಂಬುದು ಈ ಲೇಖನದ ಪ್ರಶ್ನೆ. ಗಾಳಿ, ನೀರು ಎರಡರಲ್ಲಿ ಯಾವುದಕ್ಕೆ ಶಾಖ ಹೀರುವ ಶಕ್ತಿ ಹೆಚ್ಚು ಎಂಬಲ್ಲಿಗೇ ಈ ಚರ್ಚೆ ಸಾಮಾನ್ಯವಾಗಿ ಮುಗಿದುಬಿಡುತ್ತದೆ. ಎಂಜಿನ್ನಿನ ಮೇಲೆ ಭಾರ ಎಷ್ಟು ಹೊತ್ತು ಬೀಳುತ್ತದೆ ಎಂಬುದೇ ಇಲ್ಲಿ ನಿರ್ಣಾಯಕ ಎಂಬುದು ನನ್ನ ವಾದ.

ಮೊದಲು ಎತ್ತರದ ಪರಿಣಾಮವನ್ನು ನೋಡೋಣ. ಎಂಜಿನ್ನಿಗೆ 200 ಕಿಲೋಪಾಸ್ಕಲ್ ಒತ್ತಡದ ಗಾಳಿ ಬೇಕು, ಅದನ್ನು ಒತ್ತುವ ಟರ್ಬೊ ಕಂಪ್ರೆಸರಿನ ದಕ್ಷತೆ ಶೇ. 70 ಎಂದು ಇಟ್ಟುಕೊಳ್ಳೋಣ. 30 ಡಿಗ್ರಿ ಸೆಲ್ಸಿಯಸ್ ಇರುವ ಮಂಗಳೂರಿನಲ್ಲಿ ಕಂಪ್ರೆಸರಿನಿಂದ ಹೊರಬರುವ ಗಾಳಿ ಸುಮಾರು 123 ಡಿಗ್ರಿ ಇರುತ್ತದೆ. ತಲಕಾವೇರಿಯಲ್ಲಿ ಹವೆ 22 ಡಿಗ್ರಿಯಷ್ಟು ತಂಪಾಗಿದ್ದರೂ ವಾಯುಭಾರ ಸುಮಾರು 87 ಕಿಲೋಪಾಸ್ಕಲಿಗೆ ಇಳಿದಿರುವುದರಿಂದ ಟರ್ಬೊ ಹೆಚ್ಚು ಒತ್ತಬೇಕಾಗುತ್ತದೆ. ಹೊರಬರುವ ಗಾಳಿ ಸುಮಾರು 135 ಡಿಗ್ರಿಗೆ ಏರುತ್ತದೆ. ಬೆಟ್ಟ ತಂಪಾಗಿದೆ, ಇಂಟರ್‌ಕೂಲರಿಗೆ ಕೆಲಸ ಕಡಿಮೆ ಎಂಬ ನಂಬಿಕೆ ಹೀಗಾಗಿ ತಪ್ಪು. ಆ ಗಾಳಿಯನ್ನು 50 ಡಿಗ್ರಿಗೆ ಇಳಿಸಿದರೆ ಅದೇ ಒತ್ತಡದಲ್ಲಿ ಸಾಂದ್ರತೆ ಶೇ. 26ರಷ್ಟು ಹೆಚ್ಚುತ್ತದೆ. ಏರಿನಲ್ಲಿ ಗಾಡಿ ಎಳೆಯುವುದೂ ಹೊಗೆ ಕಡಿಮೆಯಾಗುವುದೂ ಇದರಿಂದಲೇ.

ತಣಿಸುವ ಎರಡೂ ದಾರಿಗಳು ಎರಡನೆಯ ಮಹಾಯುದ್ಧದ ವಿಮಾನಗಳಲ್ಲೇ ಇದ್ದವು. 1942ರಲ್ಲಿ ಬಂದ ಸ್ಪಿಟ್‌ಫೈರ್ ಮಾರ್ಕ್ 9ರ ಮರ್ಲಿನ್ ಎಂಜಿನ್ನಿನಲ್ಲಿ ಸೂಪರ್‌ಚಾರ್ಜರಿನ ಗಾಳಿಯನ್ನು ದ್ರವ ತಣಿಸುತ್ತಿತ್ತು. ಅಮೆರಿಕದ ಪಿ-47 ಥಂಡರ್‌ಬೋಲ್ಟಿನಲ್ಲಿ ಟರ್ಬೊ ಗಾಳಿಯನ್ನು ಹೊರಗಿನ ಗಾಳಿಯೇ ತಣಿಸುತ್ತಿತ್ತು. ಇಂದು ಬಸ್ಸು, ಲಾರಿ, ಜೀಪುಗಳಲ್ಲಿ ಗಾಳಿಯ ಇಂಟರ್‌ಕೂಲರೇ ಸಾಮಾನ್ಯ. ಫೋಕ್ಸ್‌ವ್ಯಾಗನ್ ಮತ್ತು ಸ್ಕೋಡಾಗಳ 1.0 ಲೀಟರ್ ಟಿಎಸ್‌ಐ ಪೆಟ್ರೋಲ್ ಎಂಜಿನ್ನಿನಲ್ಲಿ ನೀರಿನ ಇಂಟರ್‌ಕೂಲರ್ ಇನ್‌ಟೇಕ್ ಮ್ಯಾನಿಫೋಲ್ಡಿನೊಳಗೇ ಕುಳಿತಿದೆ.

ನೀರಿನ ಪರವಾಗಿ ಮಂಡಿಸುವ ಅಂಕಿ ದೊಡ್ಡದು: ಗಾತ್ರಕ್ಕೆ ಗಾತ್ರ ಹೋಲಿಸಿದರೆ ನೀರು ಗಾಳಿಗಿಂತ ಸುಮಾರು 3,500 ಪಟ್ಟು ಶಾಖ ಹೀರಬಲ್ಲದು. ಆದರೆ ಹೀರಿದ ಶಾಖವನ್ನು ಆ ನೀರು ಕೊನೆಗೆ ಬೇರೊಂದು ರೇಡಿಯೇಟರಿನ ಮೂಲಕ ಹೊರಗಿನ ಗಾಳಿಗೇ ಒಪ್ಪಿಸಬೇಕು. ಶಾಖ ಎರಡು ಸಲ ಕೈಬದಲಾಗುತ್ತದೆ, ಎರಡು ಸಲವೂ ತಾಪದ ಅಂತರ ಬೇಕು. ಸತತ ಭಾರದಲ್ಲಿ, ಮುಂಭಾಗದ ಜಾಗ ಅಷ್ಟೇ ಇದ್ದಾಗ, ನೀರಿನ ವ್ಯವಸ್ಥೆ ಗಾಳಿಯದನ್ನು ಮೀರಿಸುವುದು ಕಷ್ಟ. ಅದರ ನಿಜವಾದ ಲಾಭ ಎರಡು: ಕೊಳವೆಯ ದಾರಿ ಗಿಡ್ಡದಾಗುವುದರಿಂದ ಟರ್ಬೊ ಬೇಗ ಸ್ಪಂದಿಸುತ್ತದೆ; ಕ್ಷಣಿಕ ಭಾರದ ಶಾಖವನ್ನು ನೀರು ತನ್ನಲ್ಲೇ ಇಟ್ಟುಕೊಳ್ಳುತ್ತದೆ.

ಈಗ ದಾರಿಯ ಲೆಕ್ಕ. ಎರಡು ಟನ್ ತೂಕದ ಜೀಪು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಶೇ. 5ರ ಏರು ಹತ್ತಲು ಚಕ್ರದಲ್ಲಿ ಬೇಕಾಗುವ ಶಕ್ತಿ 11 ಕಿಲೋವಾಟ್ ಮಾತ್ರ. 75 ಅಶ್ವಶಕ್ತಿಯ ಬೊಲೆರೊದ ಎಂಜಿನ್ನಿಗೆ ಇದು ಐದನೇ ಒಂದು ಪಾಲು. ಟರ್ಬೊ ಪೂರ್ಣ ಒತ್ತುವುದು ತಿರುವು ಕಳೆದು ಚಾಲಕ ಆಕ್ಸಿಲರೇಟರ್ ತುಳಿದಾಗ, ಕೆಲವು ಸೆಕೆಂಡುಗಳ ಕಾಲ. ಅಂಥ ಹತ್ತು ಸೆಕೆಂಡಿನಲ್ಲಿ 4 ಕಿಲೋವಾಟ್ ದರದಲ್ಲಿ ಶಾಖ ತೆಗೆಯಬೇಕಾಗಿ ಬಂದರೂ 4 ಲೀಟರ್ ಕೂಲಂಟ್ 3 ಡಿಗ್ರಿಯಷ್ಟು ಮಾತ್ರ ಬಿಸಿಯಾಗುತ್ತದೆ. ಇಲ್ಲಿ ನೀರು ಗೆಲ್ಲುತ್ತದೆ, ನಿಜ. ಆದರೆ ಇಷ್ಟು ಸಣ್ಣ ಶಾಖವನ್ನು ಗಾಳಿಯ ಇಂಟರ್‌ಕೂಲರಿನ ಲೋಹವೂ ಬಹುಮಟ್ಟಿಗೆ ನುಂಗಿಕೊಳ್ಳುತ್ತದೆ.

ಹದಿನೈದು ಟನ್ನಿನ ಬಸ್ಸಿನ ಲೆಕ್ಕವೇ ಬೇರೆ. ಅದೇ ವೇಗಕ್ಕೆ ಸುಮಾರು 73 ಕಿಲೋವಾಟ್ ಬೇಕು, ಅದೂ ಕಾಲು ಗಂಟೆಗೂ ಹೆಚ್ಚು ಕಾಲ, ಬಿಡುವಿಲ್ಲದೆ. ಟರ್ಬೊ ಗಾಳಿಯಿಂದ ತೆಗೆಯಬೇಕಾದ ಶಾಖ ಅಂದಾಜು 8 ಕಿಲೋವಾಟ್. 10 ಲೀಟರ್ ಕೂಲಂಟ್ ಇದ್ದರೂ ಎರಡು ನಿಮಿಷ ಕಳೆಯುವಷ್ಟರಲ್ಲಿ ಅದು ಮೊದಲಿಗಿಂತ 30 ಡಿಗ್ರಿಯ ಹತ್ತಿರ ಹೆಚ್ಚು ಬಿಸಿಯಾಗಿರುತ್ತದೆ. ಉಳಿದ ಏರು ಪೂರ್ತಿ ರೇಡಿಯೇಟರಿನ ಸಾಮರ್ಥ್ಯದ ಮೇಲೆ ನಿಲ್ಲುತ್ತದೆ. ನಿಧಾನವಾಗಿ ಹತ್ತುವಾಗ ಗಾಳಿಯ ಇಂಟರ್‌ಕೂಲರಿಗೆ ಗಾಳಿ ಸಾಲದು ಎಂಬ ಆಕ್ಷೇಪ ಬಸ್ಸಿಗೆ ಅಷ್ಟಾಗಿ ತಾಗುವುದಿಲ್ಲ: ರೇಡಿಯೇಟರಿನ ಫ್ಯಾನೇ ಅದರ ಮೂಲಕವೂ ಗಾಳಿ ಎಳೆಯುತ್ತದೆ. ಬಾನೆಟ್ಟಿನ ಮೇಲೆ ಬಾಯಿ ತೆರೆದು ಎಂಜಿನ್ ಮೇಲೆ ಇಂಟರ್‌ಕೂಲರ್ ಕೂರಿಸುವ ಮಾದರಿಗೆ ಮಾತ್ರ ಈ ಆಕ್ಷೇಪ ಪೂರ್ತಿ ಸಲ್ಲುತ್ತದೆ. ಅದು ವಾಹನದ ವೇಗವನ್ನೇ ನಂಬಿಕೊಂಡಿದೆ, ಕೆಳಗಿನಿಂದ ಎಂಜಿನ್ನಿನ ಕಾವು ಬೇರೆ. ತುಲಾ ಸಂಕ್ರಮಣದ ದಿನ ಸಾಲುಗಟ್ಟಿ ತೆವಳುವ ವಾಹನಗಳ ನಡುವೆ ಅದರಷ್ಟು ಅಸಹಾಯಕವಾದದ್ದು ಇನ್ನೊಂದಿಲ್ಲ.

ಭಾಗಮಂಡಲದ ಮಟ್ಟಿಗೆ ಶಾಖಕ್ಕಿಂತ ಗಂಭೀರವಾದದ್ದು ತೇವ. ತಾಂತ್ರಿಕ ಚರ್ಚೆಗಳಲ್ಲಿ ಇದಕ್ಕೆ ಸಿಗಬೇಕಾದ ಗಮನ ಸಿಕ್ಕಿಲ್ಲ. ಹೆಚ್ಚಿನ ವರ್ಷಗಳಲ್ಲಿ ಇಲ್ಲಿ ಬೀಳುವ ಮಳೆ 5,000 ಮಿಲಿಮೀಟರ್ ಮೀರುತ್ತದೆ. ಜುಲೈ ತಿಂಗಳಲ್ಲಿ ಹವೆ 20 ಡಿಗ್ರಿ ಇದ್ದು ತೇವದಿಂದ ತುಂಬಿರುವಾಗ ಆ ಗಾಳಿಯನ್ನು 200 ಕಿಲೋಪಾಸ್ಕಲಿಗೆ ಒತ್ತಿದರೆ, ಅದರೊಳಗಿನ ಹಬೆ ನೀರಾಗುವ ತಾಪ ಸುಮಾರು 33 ಡಿಗ್ರಿಗೆ ಏರುತ್ತದೆ. ಏರಿನಲ್ಲಿ ಇಂಟರ್‌ಕೂಲರಿನಿಂದ ಗಾಳಿ 50 ಡಿಗ್ರಿಯಲ್ಲಿ ಹೊರಬರುವುದರಿಂದ ತೊಂದರೆಯಿಲ್ಲ. ಆದರೆ ಹತ್ತಿರದ ಚೇರಂಬಾಣೆಯ ಕಡೆಯ ಸಮದಾರಿಯಲ್ಲಿ ಹದವಾದ ಒತ್ತಡದಲ್ಲಿ ಸಾಗುವಾಗ, ಮೇಲಿನಿಂದ ಮಳೆಯೂ ಬಡಿಯುತ್ತಿರುವಾಗ, ಒಳಗಿನ ಗಾಳಿ ಹಬೆ ನೀರಾಗುವ ತಾಪಕ್ಕಿಂತ ಕೆಳಗಿಳಿದು ಕೊಳವೆಯ ತಳದಲ್ಲಿ ನೀರು ಕೂರುತ್ತದೆ. ಮುಂದೆ ಓವರ್‌ಟೇಕಿಗೆ ಜೋರಾಗಿ ತುಳಿದಾಗ ಆ ನೀರು ಒಟ್ಟಿಗೆ ಎಂಜಿನ್ನಿಗೆ ನುಗ್ಗಬಹುದು. ಅಮೆರಿಕದಲ್ಲಿ 2011ರಿಂದ ಬಂದ ಕೆಲವು ಫೋರ್ಡ್ ಎಫ್-150 ಇಕೋಬೂಸ್ಟ್ ಪೆಟ್ರೋಲ್ ಪಿಕಪ್‌ಗಳು ತೇವದ ಹವೆಯಲ್ಲಿ ಹೀಗೆಯೇ ಮಿಸ್‌ಫೈರ್ ಆದವು. ಇಂಟರ್‌ಕೂಲರಿನ ಒಂದು ಭಾಗಕ್ಕೆ ಗಾಳಿ ತಾಗದಂತೆ ತಡೆ ಹಾಕುವುದು ಆಗ ಕೈಗೊಂಡ ಪರಿಹಾರಗಳಲ್ಲಿ ಒಂದು. ಡೀಸೆಲ್ ಎಂಜಿನ್ ಸ್ವಲ್ಪ ನೀರು ತಾಳಿಕೊಳ್ಳುತ್ತದೆ, ಆದರೆ ನಿಂತ ನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ವಿದ್ಯುತ್ ಪಂಪಿನ ನೀರಿನ ವ್ಯವಸ್ಥೆಗೆ ಇಲ್ಲಿ ಸ್ಪಷ್ಟ ಮೇಲುಗೈ ಇದೆ, ಏಕೆಂದರೆ ಪಂಪನ್ನು ನಿಧಾನಗೊಳಿಸಿ ಗಾಳಿ ಅತಿಯಾಗಿ ತಣಿಯದಂತೆ ನೋಡಿಕೊಳ್ಳಬಹುದು.

ಇನ್ನು ಕೆಸರು ಮತ್ತು ರಿಪೇರಿ. ಬಂಪರಿನ ಹಿಂದೆ ಕೂರುವ ಗಾಳಿಯ ಇಂಟರ್‌ಕೂಲರಿಗೆ ಕಾಡುದಾರಿಯ ಕೆಸರು, ಎಲೆ ಮೆತ್ತಿಕೊಳ್ಳುತ್ತವೆ. ನೀರು ಹಾಯಿಸಿ ತೊಳೆದರೆ ಮುಗಿಯಿತು. ಹೋಸ್ ಒಡೆದರೆ, ಕ್ಲಿಪ್ಪು ಸಡಿಲವಾದರೆ ಎಳೆತ ಕುಗ್ಗಿ ಕಪ್ಪು ಹೊಗೆ ಬರುತ್ತದೆ. ಊರಿನ ಮೆಕ್ಯಾನಿಕ್ ಅರ್ಧ ಗಂಟೆಯಲ್ಲಿ ಸರಿಮಾಡುತ್ತಾರೆ. ನೀರಿನ ವ್ಯವಸ್ಥೆಯಲ್ಲಿ ಪಂಪು ನಿಂತರೆ ಹೊರಗೆ ಏನೂ ಕಾಣುವುದಿಲ್ಲ, ಒಳಗಿನ ಕೋರ್ ಸೋರಿದರೆ ಕೂಲಂಟ್ ನೇರ ಎಂಜಿನ್ನಿಗೇ ಇಳಿಯುತ್ತದೆ. ಅಂಥ ದೋಷ ಪತ್ತೆಗೆ ಕಂಪ್ಯೂಟರ್ ಬೇಕು, ಬಿಡಿಭಾಗ ಮಡಿಕೇರಿಗೋ ಮೈಸೂರಿಗೋ ಬರುವವರೆಗೆ ಕಾಯಬೇಕು. ಭಾಗಮಂಡಲದಾಚೆಯ ಕರಿಕೆಯ ಕಾಡಿನ ನಡುವೆ ಗಾಡಿ ನಿಂತವರಿಗೆ ಈ ವ್ಯತ್ಯಾಸ ದೊಡ್ಡದು.

ಹಾಗಾಗಿ ಬಸ್ಸು, ಲಾರಿಗಳಿಗೆ ಗಾಳಿಯ ಇಂಟರ್‌ಕೂಲರೇ ಸರಿ. ಡೀಸೆಲ್ ಜೀಪು, ಪಿಕಪ್‌ಗಳಿಗೂ ಅದೇ ಸಾಕು, ಅದು ಮುಂಭಾಗದಲ್ಲಿ ಫ್ಯಾನಿನ ಗಾಳಿ ಸಿಗುವಲ್ಲಿ ಇದ್ದರೆ. ಸಣ್ಣ ಟರ್ಬೊ ಪೆಟ್ರೋಲ್ ಕಾರಿನ ಮಾತು ಬೇರೆ: ಬಿಸಿಗಾಳಿಗೆ ನಾಕಿಂಗ್ (ಇಂಧನ ಹೊತ್ತಲ್ಲದ ಹೊತ್ತಿನಲ್ಲಿ ತಾನೇ ಉರಿಯುವುದು) ಬೇಗ ಬರುವ ಈ ಎಂಜಿನ್ನಿಗೆ ಕಂಪನಿಯೇ ನೀರಿನ ವ್ಯವಸ್ಥೆ ಕೊಟ್ಟಿದ್ದರೆ ಅದನ್ನು ಬದಲಿಸಬಾರದು. ಗಾಳಿಯ ವ್ಯವಸ್ಥೆ ಇರುವವರು ಜೂನಿನ ಮಳೆ ಹಿಡಿಯುವ ಮೊದಲು ಇಂಟರ್‌ಕೂಲರ್ ಬಿಚ್ಚಿ, ತಳದ ನೀರು ಮತ್ತು ಎಣ್ಣೆ ಚೆಲ್ಲಿ, ಹೋಸು ಕ್ಲಿಪ್ಪುಗಳನ್ನು ಪರೀಕ್ಷಿಸಿಕೊಳ್ಳಬೇಕು.