ಒಡಿಯೂದು ಸರಳ, ಕೂಡಸೂದ ಕಷ್ಟ: ಸ್ಪೀಕರಿನ ಕ್ರಾಸ್‌ಓವರ್ ನಡೆದು ಬಂದ ದಾರಿ

ಗೋಧಿ ಒಡಿಸಿಕೊಂಡು ಬಂದ ಮ್ಯಾಲ ನಾವು ಸಾಣಿಗಿ ಹಿಡೀತೇವಿ. ಹಿಟ್ಟು ಕೆಳಗ ಬೀಳ್ತದ, ರವಾ ಮ್ಯಾಲ ಉಳೀತದ. ಹಿಟ್ಟು ಚಪಾತಿಗೆ, ರವಾ ಉಪ್ಪಿಟ್ಟಿಗೆ. ಸ್ಪೀಕರ್ ಡಬ್ಬಿಯೊಳಗೂ ಇಂಥಾದ ಒಂದು ಸಾಣಿಗಿ ಇರ್ತದ ನೋಡ್ರಿ. ಅದಕ್ಕ ಕ್ರಾಸ್‌ಓವರ್ ಅಂತಾರ. ತಬಲಾದ ಬಾಯಾಂದಂಥಾ ದಪ್ಪ ದನಿ ಊಫರ್ ಅನ್ನೋ ದೊಡ್ಡ ಕೋನಿಗೆ, ತಾಳದ ಕಿಣಿಕಿಣಿಯಂಥಾ ಸಣ್ಣ ದನಿ ಟ್ವೀಟರ್ ಅನ್ನೋ ಪುಟ್ಟ ಗುಮ್ಮಟಕ್ಕ ಹಂಚೂದು ಅದರ ಕೆಲಸ. ಆದ್ರ ಒಂದು ಫರಕ ಅದ. ಹಿಟ್ಟು, ರವಾ ನಾವು ಮತ್ತ ಕೂಡಸಂಗಿಲ್ಲ. ದನಿ ಮಾತ್ರ ನಮ್ಮ ಕಿವಿಗೆ ಬರೂದ್ರಾಗ ಮತ್ತ ಒಂದಾಗಬೇಕು, ಒಡೆದಿದ್ದು ಗೊತ್ತಾಗಬಾರದು. ಸುಮಾರು ನೂರು ವರ್ಷದಿಂದ ಎಂಜಿನಿಯರ್ ಮಂದಿ ಹೆಣಗ್ಯಾಡಿದ್ದು ಈ ಕೂಡಸೂ ಕೆಲಸದ ಸಂಬಂಧ.

ನಾ ಕಲ್ತದ್ದು ಪಿಯುಸಿ ತನಕ. ಆದ್ರ ನಮ್ಮ ಮನಿಯಾಗ ಅಪ್ಪ ಮಗ ಇಬ್ರೂ ಚಹಾ ಕುಡಿಯೂ ಮುಂದ ಇದನ್ನ ಬಿಟ್ಟು ಬ್ಯಾರೆ ಮಾತಾಡೂದಿಲ್ಲ. ಕೇಳಿ ಕೇಳಿ, ಆಮ್ಯಾಲ ನಾನ ಕೂತು ಓದಿ, ತಿಳಕೊಂಡಿದ್ದನ್ನ ಬರೀಲಿಕತ್ತೇನಿ.

ಮೊದಲಿಗೆ ಈ ಸಾಣಿಗಿ ಬೇಕ ಇರಲಿಲ್ಲ. 1925ರಾಗ ಅಮೆರಿಕಾದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತ ಎಡ್ವರ್ಡ್ ಕೆಲಾಗ್ ಅನ್ನೋ ಇಬ್ಬರು, ಅಯಸ್ಕಾಂತದ ನಡುವ ತಂತಿಯ ಸುರುಳಿ ಆಡಿ ಕಾಗದದ ಕೋನು ನಡುಗಿಸೋ ಸ್ಪೀಕರಿನ ಬಗ್ಗೆ ಪ್ರಬಂಧ ಬರೆದ್ರು. ಇವತ್ತಿನ ಸ್ಪೀಕರೂ ಹೆಚ್ಚುಕಡಿಮಿ ಅದ ಪದ್ಧತಿದ್ದು. ಆದ್ರ ಒಂದ ಕೋನು ಎಲ್ಲಾ ಕೆಲಸ ಮಾಡ್ಲಿಕ್ಕೆ ಬರೂದಿಲ್ಲ. ದಪ್ಪ ದನಿಗೆ ಭಾಳ ಗಾಳಿ ತಳ್ಳಬೇಕು, ಅದಕ್ಕ ಕೋನು ದೊಡ್ಡದಿರಬೇಕು. ಸಣ್ಣ ದನಿಗೆ ಸೆಕೆಂಡಿಗೆ ಹತ್ತು ಸಾವಿರ ಸರ್ತೆ ಅಲುಗಬೇಕು, ಅದಕ್ಕ ಹಗುರ ಇರಬೇಕು. ರುಬ್ಬು ಗುಂಡಿನಾಗ ಯಾಲಕ್ಕಿ ಕುಟ್ಟಿದ್ರ ಹೆಂಗ ಆಗ್ತದ, ಹಂಗ.

1933ರ ಏಪ್ರಿಲ್ 27ಕ್ಕ ಒಂದು ದೊಡ್ಡ ಪ್ರಯೋಗ ಆತು. ಫಿಲಡೆಲ್ಫಿಯಾದಾಗ ಆರ್ಕೆಸ್ಟ್ರಾ ನುಡಿಸಿದ್ರು. ಬೆಲ್ ಲ್ಯಾಬ್ಸಿನವರು ಅದನ್ನ ಟೆಲಿಫೋನ್ ತಂತಿ ಮ್ಯಾಲ ವಾಷಿಂಗ್ಟನ್ನಿನ ಕಾನ್‌ಸ್ಟಿಟ್ಯೂಷನ್ ಹಾಲಿಗೆ ಕಳಿಸಿದ್ರು. ಅಲ್ಲಿ ವೇದಿಕಿ ಮ್ಯಾಲ ಒಬ್ಬ ವಾದಕನೂ ಇಲ್ಲ, ಬರೇ ಸ್ಪೀಕರ್. ಸಂಗೀತ ನಿರ್ದೇಶಕ ಸ್ಟೊಕೊವ್‌ಸ್ಕಿ ತಮ್ಮ ವಾದ್ಯವೃಂದದ ಮುಂದ ನಿಲ್ಲೂದು ಬಿಟ್ಟು ವಾಷಿಂಗ್ಟನ್ನಿನಾಗ ದನಿಯ ಗುಂಡಿ ತಿರುವಲಿಕ್ಕೆ ಕೂತಿದ್ರು. ಆ ಸ್ಪೀಕರಿನಾಗ ದಪ್ಪ ದನಿಗೆ ಒಂದು ದೊಡ್ಡ ಕಹಳಿ, ಸಣ್ಣ ದನಿಗೆ ಬ್ಯಾರೆ ಕಹಳಿ ಇದ್ದವು. ಸುಮಾರು 300 ಹರ್ಟ್ಜಿನ ಹತ್ರ ದನಿ ಒಡೀತಿದ್ರು.

ಒಡೆದದ್ದೇನೋ ಆತು, ಕೂಡೂದು? ಆಮ್ಯಾಲ ಹಾಲಿವುಡ್ಡಿನ ಎಂಜಿಎಂ ಸ್ಟುಡಿಯೋದವರು ಇಂಥಾ ಕಹಳಿ ಸಿನಿಮಾ ಥೇಟರಿಗೆ ತರಲಿಕ್ಕೆ ಹೋದಾಗ ಒಂದು ತಮಾಷಿ ಆತಂತ. ನಟಿ ಎಲಿನಾರ್ ಪಾವೆಲ್ ಬೂಟಿನಿಂದ ಟಕ್ ಅಂತ ನೆಲಾ ಒದ್ದು ಕುಣಿಯೋ ಡ್ಯಾನ್ಸಿನಾಗ ಒಂದೊಂದು ಹೆಜ್ಜಿ ಎರಡೆರಡು ಸರ್ತೆ ಕೇಳಿಸ್ತು. ದಪ್ಪ ದನಿಯ ಕಹಳಿ ಮಡಚಿ ಮಡಚಿ ಉದ್ದ ಮಾಡಿದ್ದು. ಅದರೊಳಗಿಂದ ಹೊರಗ ಬರೂದಕ್ಕ ದನಿ ಕೆಲವು ಅಡಿ ಹೆಚ್ಚು ನಡೀಬೇಕಿತ್ತು, ಅಷ್ಟು ತಡಾ ಆಗಿ ಬರ್ತಿತ್ತು. ದನಿ ಒಂದು ಮಿಲಿಸೆಕೆಂಡಿನಾಗ 34 ಸೆಂಟಿಮೀಟರ್ ಹೋಗ್ತದ ಅಷ್ಟ. ಡಗ್ಲಸ್ ಶಿಯರರ್, ಜಾನ್ ಹಿಲಿಯರ್ಡ್ ಮತ್ತ ಅವರ ಮಂದಿ ಆ ದಾರಿ ಗಿಡ್ಡ ಮಾಡಿ ಹೊಸಾ ಕಹಳಿ ಕಟ್ಟಿದ್ರು. 1936ರ ಸಾಲಿನ ಆಸ್ಕರ್ ತಾಂತ್ರಿಕ ಪ್ರಶಸ್ತಿ ಅದಕ್ಕ ಸಿಕ್ತು. ಒಂದು ವೇಳ್ಯಾದ ಫರಕ ತಗೀಲಿಕ್ಕೆ ಬಡಗಿ ಕರೆಸಿ ಪೂರಾ ಕಹಳಿ ಒಡೆದು ಕಟ್ಟಬೇಕಾತು, ಇದನ್ನ ನೆನಪಿಟ್ಟುಕೊಳ್ರಿ.

ಮನಿ ಸ್ಪೀಕರಿನಾಗ ಸಾಣಿಗಿ ಅಂದ್ರ ತಾಮ್ರದ ತಂತಿ ಸುತ್ತಿದ ಕಾಯಿಲು ಮತ್ತ ಕೆಪಾಸಿಟರ್. ಕಾಯಿಲು ಸಣ್ಣ ದನಿ ತಡೀತದ, ಕೆಪಾಸಿಟರ್ ದಪ್ಪ ದನಿ ತಡೀತದ. 8 ಓಮಿನ ಸ್ಪೀಕರಿಗೆ 2500 ಹರ್ಟ್ಜಿನಾಗ ಒಡೀಬೇಕಂದ್ರ 8 ಮೈಕ್ರೊಫ್ಯಾರಡಿನ ಕೆಪಾಸಿಟರ್, ಅರ್ಧ ಮಿಲಿಹೆನ್ರಿ ಕಾಯಿಲು ಲೆಕ್ಕಕ್ಕ ಬರ್ತದ. ಇದು ಭಾಳ ಸಡ್ಲ ಸಾಣಿಗಿ. ಒಂದು ಆಕ್ಟೇವ್, ಅಂದ್ರ ಸಾ ದಿಂದ ಮ್ಯಾಲಿನ ಸಾ ತನಕ ಹೋದ್ರ, ಬರೇ 6 ಡೆಸಿಬೆಲ್ ಇಳೀತದ. ಬಿಗಿ ಬೇಕಂದ್ರ ಇನ್ನೊಂದಿಷ್ಟು ಸಾಮಾನು ಕೂಡಸಬೇಕು, 12, 18, 24 ಹಿಂಗ. ಸಾಮಾನು ಹೆಚ್ಚಾದಂಗ ಖರ್ಚೂ ಹೆಚ್ಚು, ಆಂಪ್ಲಿಫೈಯರಿನ ಶಕ್ತಿ ಕಾಯಿಲಿನಾಗ ಬಿಸಿಯಾಗಿ ಹೋಗೂದೂ ಹೆಚ್ಚು. ಅದಕ್ಕ ಕೆಲವರು ಆಂಪ್ಲಿಫೈಯರಿಗಿಂತ ಮೊದಲ ದನಿ ಒಡೆದು, ಊಫರಿಗೊಂದು ಟ್ವೀಟರಿಗೊಂದು ಆಂಪ್ಲಿಫೈಯರ್ ಇಟ್ರು. ಅದಕ್ಕ ಆಕ್ಟಿವ್ ಕ್ರಾಸ್‌ಓವರ್ ಅಂತ ಹೆಸರು.

1976ರಾಗ ಸೀಗ್‌ಫ್ರೀಡ್ ಲಿಂಕ್‌ವಿಟ್ಜ್ ಅನ್ನೋ ಎಂಜಿನಿಯರ್ ಒಂದು ಪ್ರಬಂಧ ಬರೆದ್ರು. ಅವರೂ, ಅವರ ಜೋಡಿ ರಸ್ ರೈಲಿನೂ ಹ್ಯೂಲೆಟ್ ಪ್ಯಾಕರ್ಡಿನಾಗ ಅಳತಿ ಯಂತ್ರ ಮಾಡೋ ಮಂದಿ. ಅವರು ಕೇಳಿದ ಪ್ರಶ್ನಿ ಒಂದ: ಒಡಿಯೂ ಜಾಗಾದಾಗ ಎರಡೂ ಸ್ಪೀಕರ್ ಒಂದ ವೇಳ್ಯಾಕ್ಕ ದನಿ ಮಾಡ್ತಾವಲ್ಲ, ಅವು ಒಂದಕ್ಕೊಂದು ಜಗಳಾಡದಂಗ ಹೆಂಗ ಕೂಡಸೂದು? 24 ಡೆಸಿಬೆಲ್ಲಿನ ಬಿಗಿ ಸಾಣಿಗಿ ಇಟ್ಟು, ಒಡಿಯೂ ಜಾಗಾದಾಗ ಎರಡೂ 6 ಡೆಸಿಬೆಲ್ ಕೆಳಗ, ಅಂದ್ರ ಅರ್ಧರ್ಧ ಇದ್ರ, ಎರಡೂ ಒಂದ ಹೆಜ್ಜಿ ಹಾಕ್ತಾವ, ಅರ್ಧ ಅರ್ಧ ಕೂಡಿ ಸರಿಯಾಗಿ ಒಂದ ಆಗ್ತದ. ಲಿಂಕ್‌ವಿಟ್ಜ್-ರೈಲಿ ಅಂತ ಇವತ್ತಿಗೂ ಭಾಳಷ್ಟು ಕ್ರಾಸ್‌ಓವರಿನಾಗ ಅವರಿಬ್ಬರ ಹೆಸರು ಅದ.

1982ರಾಗ ಸಿಡಿ ಬಂತು, ಸಂಗೀತ ಅಂಕಿ ಆತು. ಸೆಕೆಂಡಿಗೆ 44,100 ಅಂಕಿ. ಅಂಕಿ ಆದ ಮ್ಯಾಲ ಒಡಿಯೂದು ಬರೇ ಗುಣಾಕಾರ, ಕೂಡಾಕಾರದ ಲೆಕ್ಕ. ಕಾಯಿಲು ಬೇಡ, ಕೆಪಾಸಿಟರ್ ಬೇಡ. ಎಂಜಿಎಂದವರು ಕಹಳಿ ಒಡೆದು ಕಟ್ಟಿ ಮಾಡಿದ ಕೆಲಸ ಈಗ ಒಂದು ಅಂಕಿ ಹಾಕಿದ್ರ ಮುಗೀತು. ಸೆಕೆಂಡಿಗೆ 48,000 ಅಂಕಿ ಓಡೋ ಯಂತ್ರದಾಗ ಒಂದ ಅಂಕಿ ತಡಾ ಮಾಡಿದ್ರ, ಟ್ವೀಟರನ್ನ 7 ಮಿಲಿಮೀಟರ್ ಹಿಂದ ಸರಿಸಿದಂಗ! ಡಬ್ಬಿ ಮುಟ್ಟೂ ಕೆಲಸನ ಇಲ್ಲ.

ಮೊದಲು ಇದು ಶ್ರೀಮಂತರ ಸಾಮಾನು. 2000ದ ದಶಕದಾಗ ಜರ್ಮನಿ ಮೂಲದ ಬೆರಿಂಗರ್ ಕಂಪನಿಯ ಡಿಸಿಎಕ್ಸ್ 2496 ಬಂದ ಮ್ಯಾಲ ಹವ್ಯಾಸಿಗಳ ಕೈಗೂ ಸಿಕ್ತು. ಮೂರು ಕಡಿಂದ ದನಿ ಒಳಗ, ಆರು ಕಡಿಂದ ಹೊರಗ. ಅದು ಸಭಾಂಗಣದ ಸಾಮಾನು. ದೊಡ್ಡ ಆಂಪ್ಲಿಫೈಯರಿಗೆ ಬೇಕಾದ ಹಲವು ವೋಲ್ಟ್ ಕೊಡ್ತದ. ಮನಿ ಆಂಪ್ಲಿಫೈಯರಿಗೆ ಒಂದೆರಡು ವೋಲ್ಟ್ ಸಾಕು. ದನಿ ಸಣ್ಣ ಮಾಡ್ಲಿಕ್ಕೆ ಅಂಕಿಯೊಳಗನ ಕಡಿಮಿ ಮಾಡಿದ್ರ ಪ್ರತಿ 6 ಡೆಸಿಬೆಲ್ಲಿಗೆ ಒಂದು ಬಿಟ್ ಹೋಗ್ತದ, ಟ್ವೀಟರಿನಾಗ ಬುಸ್ ಅನ್ನೋದು ಮಾತ್ರ ಹಂಗ ಉಳೀತದ. ಅದಕ್ಕ ಹವ್ಯಾಸಿಗಳು ಡಬ್ಬಿ ಬಿಚ್ಚಿ, ಹೊರಗ ಬರೋ ಭಾಗ ಬದಲಿ ಮಾಡಿ, ಟ್ರಾನ್ಸ್‌ಫಾರ್ಮರ್ ಕೂಡ್ಸಿ, ಆರೂ ದಾರಿಗೆ ಕಡೀಗೆ ಒಂದು ವಾಲ್ಯೂಮ್ ಗುಂಡಿ ಹಾಕಿದ್ರು. ಆಮ್ಯಾಲ ಹಾಂಗ್‌ಕಾಂಗಿನ ಮಿನಿಡಿಎಸ್‌ಪಿಯಂಥಾ ಅಂಗೈ ಅಗಲದ ಡಬ್ಬಿ ಬಂದವು. ಮನಿ ಸಾಮಾನಿಗೆ ಹೊಂದೋ ಮಟ್ಟ, ಕಂಪ್ಯೂಟರಿನಾಗ ಚಿತ್ರ ನೋಡಿ ಅಂಕಿ ಹಾಕೂದು.

ಈಗ ನಮ್ಮ ಮನಿ ಮಾತು. ನಮ್ಮ ಮನಿಯವರು ನೌಕರಿಗೆ ಸೇರಿದ ಹೊಸತರಾಗ ಬೋನಸಿನ ರೊಕ್ಕದಾಗ ತಂದ ಸ್ಪೀಕರ್ ಅವ. ಅದರ ಟ್ವೀಟರ್ ಈಗ ಎಲ್ಲೂ ಸಿಗೂದಿಲ್ಲ. ಸುಟ್ರ ಜೋಡಿನ ಮುಗೀತು. ನಮ್ಮ ಅತ್ತಿಯವರಿಗೆ ಕಣ್ಣು ಮಂಜು, ಟಿವಿ ನೋಡ್ಲಿಕ್ಕೆ ಆಗೂದಿಲ್ಲ. ಸಂಜಿಗೆ ಮಲ್ಲಿಕಾರ್ಜುನ ಮನ್ಸೂರರ ಗಾಯನ ಕೇಳೂದ ಅವರ ಊಟ, ಅದ ಅವರ ಔಷಧ. ಮಗ ಡಿಜಿಟಲ್ ಡಬ್ಬಿ ಹಾಕ್ತೇನಿ ಅಂದಾಗ ನಾ ಎರಡು ಕರಾರು ಹಾಕಿದೆ. ಹಳೇ ಕ್ರಾಸ್‌ಓವರ್ ಕತ್ತರಿಸಬಾರದು, ಬಿಚ್ಚಿ ಹೆಸರು ಬರೆದು ಡಬ್ಬ್ಯಾಗ ಇಡಬೇಕು. ಟ್ವೀಟರಿಗೆ ಕಾವಲು ಇಲ್ಲದ ಆಂಪ್ಲಿಫೈಯರ್ ಹಚ್ಚಬಾರದು.

ಎರಡನೇದ್ದು ಯಾಕಂದ್ರ, ಹಳೇ ಪದ್ಧತಿಯೊಳಗ ಕೆಪಾಸಿಟರ್ ಟ್ವೀಟರಿಗೆ ಕಾವಲುಗಾರನೂ ಆಗಿರ್ತದ. ಅದನ್ನ ತಗದ್ರ, ಆಂಪ್ಲಿಫೈಯರ್ ಚಾಲೂ ಆಗೂ ಮುಂದ ಬರೋ ಧಡ್ ಅನ್ನೋ ಪೆಟ್ಟು ನೇರ ಟ್ವೀಟರಿಗೆ ಬಡೀತದ. ಅದಕ್ಕ 20 ಮೈಕ್ರೊಫ್ಯಾರಡಿನ ಒಂದು ಕೆಪಾಸಿಟರ್ ಉಳಿಸಿಕೊಂಡ್ವಿ. 8 ಓಮಿಗೆ ಅದು ಸುಮಾರು 1000 ಹರ್ಟ್ಜಿನ ಕೆಳಗಿಂದಷ್ಟ ತಡೀತದ. 2500ರಾಗ ಒಡಿಯೂ ಕೆಲಸಕ್ಕ ಭಾಳ ಅಡ್ಡ ಬರೂದಿಲ್ಲ.

ಜೋಡಿಸಿದ್ದು ಆತು. ಅಪ್ಪ ಮಗ ನಾಕು ದಿನ "ಎಷ್ಟು ಸ್ವಚ್ಛ!" ಅಂತ ಹೊಗಳಿದ್ದ ಹೊಗಳಿದ್ದು. ಐದನೇ ದಿನ ಅತ್ತಿಯವರು ಮೆಲ್ಲಕ ಅಂದ್ರು, "ತಮ್ಮಾ, ತಂಬೂರಿ ಇಲ್ಲೇ ಅದ, ಬುವಾ ಯಾಕ ಒಳಗಿನ ಖೋಲ್ಯಾಗ ಕೂತು ಹಾಡ್ಲಿಕತ್ತಾರೋ?"

ಮಗ ನಕ್ಕ. ಆಮ್ಯಾಲ ಮೈಕ್ ಇಟ್ಟು ಅಳದಾಗ ನಗು ನಿಂತಿತು. 2500 ಹರ್ಟ್ಜಿನ ಸುತ್ತ ದೊಡ್ಡ ಗುಂಡಿ ಬಿದ್ದಿತ್ತು. 12 ಡೆಸಿಬೆಲ್ಲಿನ ಸಾಣಿಗಿ ಹಾಕಿದ್ದ. ಅದರಾಗ ಒಡಿಯೂ ಜಾಗಾದಾಗ ಊಫರ್ ಮುಂದ ಬಂದ್ರ ಟ್ವೀಟರ್ ಹಿಂದ ಹೋಗ್ತದ, ಒಂದರ ದನಿ ಒಂದು ಅಳಿಸ್ತದ. ಟ್ವೀಟರನ್ನ ಉಲ್ಟಾ ಮಾಡಬೇಕಿತ್ತು, ಮಾಡಿರಲಿಲ್ಲ. ಹಾಡೋರ ಧ್ವನಿಗೆ ಸನಿಹ ಕೊಡೂದು ಆ ಜಾಗಾನ. 24ರ ಲಿಂಕ್‌ವಿಟ್ಜ್-ರೈಲಿಗೆ ಬದಲಿ ಮಾಡಿ, ತಡಾ ಎಷ್ಟು ಅಂತ ಅಳದು ಹಾಕಿದ, ಗುಂಡಿ ತುಂಬ್ತು. ಅತ್ತಿಯವರು ಏನೂ ಅನ್ನಲಿಲ್ಲ, ಪೂರಾ ರಾಗ ಮುಗಿಯೂ ತನಕ ಎದ್ದಿಲ್ಲ. ಎಂಜಿಎಂದಾಗ ಗಟ್ಟಿ ನೆಲಾ ಒದ್ದು ತೋರಿಸಿದ ತಪ್ಪು ನಮ್ಮ ಪಡಸಾಲ್ಯಾಗ ಖಯಾಲ್ ತೋರಿಸ್ತು ಅಷ್ಟ.

ನಿಮ್ಮ ಮನಿಯಾಗೂ ಯಾರರೆ ಇದನ್ನ ತರೂ ವಿಚಾರ ಮಾಡಿದ್ರ ಇಷ್ಟು ಕೇಳ್ರಿ. ಎಷ್ಟು ದಾರಿ ಹೊರಗ ಬೇಕು? ಎರಡು ಸ್ಪೀಕರಿಗೆ ಊಫರ್, ಟ್ವೀಟರ್ ಅಂದ್ರ ನಾಕು, ಸಬ್‌ಊಫರ್ ಇದ್ರ ಇನ್ನೂ ಹೆಚ್ಚು. ಅಷ್ಟ ಆಂಪ್ಲಿಫೈಯರಿನ ದಾರಿನೂ ಬೇಕಾಗ್ತಾವ, ಖರ್ಚು ಅಲ್ಲೇ ಇರೂದು. ಡಬ್ಬಿ ಕೊಡೋ ವೋಲ್ಟು ನಿಮ್ಮ ಆಂಪ್ಲಿಫೈಯರಿಗೆ ಹೊಂದ್ತದೋ? ಹಾಡು ನಿಲ್ಲಿಸಿ ಟ್ವೀಟರಿಗೆ ಕಿವಿ ಹಚ್ಚಿದ್ರ ಬುಸ್ ಅಂತದೋ? ಅಳೀಲಿಕ್ಕೆ ಒಂದು ಮೈಕ್ ಅದನೋ? ಮೈಕ್ ಇಲ್ಲಂದ್ರ ಡಬ್ಬಿ ತಗೋಬ್ಯಾಡ್ರಿ. ಅಳಿಯೂ ಸಾಫ್ಟ್‌ವೇರ್ ರೂಮ್ ಇಕ್ಯೂ ವಿಜಾರ್ಡ್ ಪುಕ್ಕಟ ಸಿಗ್ತದ, ಮೈಕಿಗೆ ಮಾತ್ರ ರೊಕ್ಕ. ಹಳೇ ಸ್ಪೀಕರಿನ ಕ್ರಾಸ್‌ಓವರ್ ಛಲೋ ಇದ್ದು, ಕೇಳಲಿಕ್ಕೆ ಸುಖಾ ಆಗ್ತಿದ್ರ ಅದನ್ನ ಮುಟ್ಟಲೇಬೇಕಂತ ಏನೂ ಇಲ್ಲ. ಅದೂ ಯಾರೋ ಅಳದು, ಕೇಳಿ ಮಾಡಿದ್ದ ಇರ್ತದ.

ಎಲ್ಲಾ ಅಳದ ಮ್ಯಾಲ ಮನಿಯಾಗಿನ ಹಿರಿಯರನ್ನ ಎದುರು ಕೂಡ್ಸಿ, ಅವರಿಗೆ ಬಾಯಿಪಾಠ ಇರೋ ಹಾಡು ಹಚ್ಚಿರಿ. ಹಾಡೋರು ಎಲ್ಲಿ ಕೂತಾರಂತ ಕೇಳ್ರಿ.