ನೀಲಿ ಹೊಗೆ ಬಿಟ್ಟ ಟ್ಯಾಂಕು

ಸೈಲೆನ್ಸರಿನ ಹೊಗೆ ನೋಡಿಯೇ ಎಂಜಿನ್ನಿನ ಕಾಯಿಲೆ ಹೇಳುವ ಮೆಕ್ಯಾನಿಕ್ಕುಗಳನ್ನು ನೀವೂ ನೋಡಿರುತ್ತೀರಿ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಬಿಸಿಯಾದ ಮೇಲೂ ದಟ್ಟ ಬಿಳಿ ಬಂದರೆ ರೇಡಿಯೇಟರಿನ ನೀರು ಒಳಗೆ ಸೇರುತ್ತಿದೆ, ನೀಲಿಯಾದರೆ ಆಯಿಲ್ ಉರಿಯುತ್ತಿದೆ. ಈ ನೀಲಿ ಹೊಗೆ ಒಮ್ಮೆ ಜೀವಕ್ಕೇ ಸಂಚಕಾರ ತಂದಿತ್ತು ಅಂದರೆ ನಂಬುತ್ತೀರಾ?

ಅಮೆರಿಕದ ಚಾರ್ಲ್ಸ್ ನೈಟ್‌ಗೆ ಕಾರಿನ ವಾಲ್ವುಗಳ ಟಕಟಕ ಸದ್ದು ಆಗುತ್ತಿರಲಿಲ್ಲ. ಅವುಗಳ ಬದಲು ಪಿಸ್ಟನ್ನಿನ ಸುತ್ತ ಒಂದರೊಳಗೊಂದು ಜಾರುವ ಎರಡು ಕೊಳವೆಗಳನ್ನಿಟ್ಟ. ಇಂಗ್ಲೆಂಡಿನ ಡೈಮ್ಲರ್ ಕಂಪನಿ 1908ರಲ್ಲಿ ಅದನ್ನು ಒಪ್ಪಿಕೊಂಡಿತು. ಸದ್ದೇನೋ ಅಡಗಿತು. ಆದರೆ ಕೊಳವೆಗಳು ಜಾರಲು ಧಾರಾಳವಾಗಿ ಆಯಿಲ್ ಬೇಕಲ್ಲ, ಅದರಲ್ಲಿ ಒಂದಷ್ಟು ಒಳನುಗ್ಗಿ ಉರಿಯುತ್ತಿತ್ತು. ಶ್ರೀಮಂತರ ಕಾರಿನಲ್ಲಿ ಅದು ಬರೀ ಮುಜುಗರ.

1916ರ ಸೆಪ್ಟೆಂಬರ್ 15ರಂದು ಬ್ರಿಟಿಷರು ಫ್ರಾನ್ಸಿನ ಸೋಮ್ ರಣರಂಗಕ್ಕೆ ಮೊದಲ ಟ್ಯಾಂಕುಗಳನ್ನು ಇಳಿಸಿದರು. ಒಳಗಿದ್ದದ್ದು ಇದೇ ಜಾತಿಯ 105 ಅಶ್ವಶಕ್ತಿಯ ಡೈಮ್ಲರ್ ಎಂಜಿನ್! ಸ್ವಲ್ಪ ಹೊತ್ತು ಸುಮ್ಮನೆ ಓಡುತ್ತಾ ನಿಂತು ಹೊರಟರೆ ಸಾಕು, ದೊಡ್ಡ ಹೊಗೆಮೋಡ. ಒಳಗೆ ಎಂಟು ಜನ, ಹೊರಗೆ "ಇಲ್ಲಿದ್ದೇವೆ, ಗುಂಡು ಹಾರಿಸಿ" ಎಂದು ಬಾವುಟ ಹಾರಿಸಿದ ಹಾಗೆ...

ಕಾಯಿಲೆಗೆ ಮದ್ದು ಹುಡುಕಿದ್ದು ಹ್ಯಾರಿ ರಿಕಾರ್ಡೊ. ಅವನು ಮಾಮೂಲಿ ವಾಲ್ವುಗಳಿಗೇ ಮರಳಿದ. ಹಡಗಿನ ಉಗಿಯಂತ್ರದಲ್ಲಿರುವಂತೆ ಪಿಸ್ಟನ್ನಿನ ಕೆಳಗೆ ಬೇರೆಯೇ ಒಂದು ಜಾರುಭಾಗ ಕೊಟ್ಟು, ಪಕ್ಕದ ಒತ್ತಡವನ್ನೆಲ್ಲ ಅದಕ್ಕೆ ಹೊರಿಸಿದ. ಆಯಿಲ್ ಮೇಲೇರುವ ದಾರಿಯೇ ತಪ್ಪಿತು. ಹಳೇ ಯಂತ್ರದ ಬುದ್ಧಿಯನ್ನು ಹೊಸದಕ್ಕೆ ತಂದ ಈ ಜಾಣತನ ನನಗೆ ತುಂಬ ಹಿಡಿಸಿತು. 1918ರಲ್ಲಿ ಯುದ್ಧಕ್ಕೆ ಹೋದ ಮಾರ್ಕ್ ಫೈವ್ ಟ್ಯಾಂಕಿನಲ್ಲಿ ಇದ್ದದ್ದು ರಿಕಾರ್ಡೊನ ಎಂಜಿನ್ನು. ಹೊಗೆ ಇಳಿಯಿತು, ಶಕ್ತಿ 150ಕ್ಕೆ ಏರಿತು.