ಒಂದು ಡಾಲರಿನ ನಿವೇಶನ

ಶಾಲೆ ಕಟ್ಟಲೆಂದು ಯಾರಾದರೂ ನಿವೇಶನವನ್ನು ಬಹುತೇಕ ಉಚಿತವಾಗಿ ಕೊಡಲು ಮುಂದಾದರೆ ಬೇಡವೆನ್ನುವ ಮನಸ್ಸು ಯಾರಿಗೆ ಬಂದೀತು? ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಯಾಗರ ಫಾಲ್ಸ್ ನಗರದ ಶಾಲಾ ಮಂಡಳಿಗೆ 1953ರ ಏಪ್ರಿಲ್‌ನಲ್ಲಿ ಅಂಥ ನೆಲ ದೊರೆಯಿತು. ಬೆಲೆ ಒಂದೇ ಡಾಲರ್. ಮಾರಿದ್ದು ಹೂಕರ್ ಎಂಬ ರಾಸಾಯನಿಕ ಕಂಪನಿ.

ಆ ನೆಲಕ್ಕೊಂದು ಪೂರ್ವಕಥೆಯಿತ್ತು. 1890ರ ದಶಕದಲ್ಲಿ ವಿಲಿಯಂ ಲವ್ ಎಂಬಾತ ಜಲವಿದ್ಯುತ್ತಿಗಾಗಿ ಅಲ್ಲಿ ಕಾಲುವೆ ತೋಡಲಾರಂಭಿಸಿ ಅರ್ಧಕ್ಕೆ ಬಿಟ್ಟಿದ್ದ. 1942ರಿಂದ ಸುಮಾರು ಹತ್ತು ವರ್ಷ ಕಂಪನಿಯು ಅದೇ ಕಂದಕದಲ್ಲಿ 20,000 ಟನ್ನಿಗೂ ಮಿಕ್ಕ ರಾಸಾಯನಿಕ ತ್ಯಾಜ್ಯವನ್ನು ಹೂತು, ಮೇಲೆ ಜೇಡಿಮಣ್ಣು ಮುಚ್ಚಿತ್ತು. ಇದು ಗುಟ್ಟಾಗಿರಲಿಲ್ಲ. ನೆಲದಲ್ಲಿ ತ್ಯಾಜ್ಯವಿದೆಯೆಂದೂ, ಮುಂದೆ ಆಗುವ ಹಾನಿಗೆ ತಾನು ಹೊಣೆಯಲ್ಲವೆಂದೂ ಕಂಪನಿ ಕ್ರಯಪತ್ರದಲ್ಲಿಯೇ ಬರೆಸಿತ್ತು. ಮಂಡಳಿ ಅದಕ್ಕೆ ಒಪ್ಪಿತು.

ಕಟ್ಟಡದ ಕೆಲಸ ನಡೆಯುತ್ತಿದ್ದಾಗ ತ್ಯಾಜ್ಯದ ಪೀಪಾಯಿಗಳು ಕಾಣಿಸಿಕೊಂಡವು. ಆಗ ಕಟ್ಟಡದ ಸ್ಥಾನವನ್ನು ಸ್ವಲ್ಪ ಸರಿಸಲಾಯಿತು, ಅಷ್ಟೇ. ಇಲ್ಲಿ ಶಾಲೆ ಇರಬಹುದೇ ಎಂಬ ಪ್ರಶ್ನೆ ಕೆಲಸವನ್ನು ನಿಲ್ಲಿಸಲಿಲ್ಲ. 1955ರಲ್ಲಿ ಸುಮಾರು 400 ಮಕ್ಕಳೊಡನೆ ಶಾಲೆ ತೆರೆಯಿತು. ಸುತ್ತಲೂ ಮನೆಗಳೆದ್ದವು.

1970ರ ದಶಕದ ಭಾರಿ ಮಳೆ ಹಿಮಗಳಲ್ಲಿ ಹೂತದ್ದು ಮೇಲೆದ್ದಿತು. ಮನೆಗಳ ನೆಲಮಾಳಿಗೆಗಳಿಗೆ ವಿಷ ಜಿನುಗಿತು. ಲೋಯಿಸ್ ಗಿಬ್ಸ್ ಎಂಬ ಗೃಹಿಣಿ, ಕಾಯಿಲೆ ಬಿದ್ದ ತನ್ನ ಮಗನನ್ನು ಬೇರೆ ಶಾಲೆಗೆ ಸೇರಿಸಿರೆಂದು ಬೇಡಿದಳು. ಅದು ನೆರವೇರದಾಗ ಮನೆಮನೆಗೆ ನಡೆದು ನೆರೆಹೊರೆಯವರನ್ನು ಒಗ್ಗೂಡಿಸಿದಳು. 1978ರ ಆಗಸ್ಟ್ 2ರಂದು ರಾಜ್ಯದ ಆರೋಗ್ಯ ಆಯುಕ್ತರು ತುರ್ತುಸ್ಥಿತಿ ಸಾರಿ ಶಾಲೆಯನ್ನು ಮುಚ್ಚಿಸಿದರು. ಐದು ದಿನಗಳ ಬಳಿಕ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೂಡ ತುರ್ತುಸ್ಥಿತಿ ಘೋಷಿಸಿದರು. ಮೊದಲ ಹಂತದಲ್ಲಿಯೇ ಇನ್ನೂರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಡಬೇಕಾಯಿತು. ನೊಂದವರ ನೆರವಿಗೆ 1979ರಲ್ಲಿ ಆ ಪ್ರದೇಶದ ವಿವಿಧ ಕ್ರೈಸ್ತ ಸಭೆಗಳು ಒಂದಾಗಿ ಕಾರ್ಯಪಡೆಯನ್ನು ಕಟ್ಟಿದುದನ್ನೂ ಇಲ್ಲಿ ಸ್ಮರಿಸಬೇಕು.

ಪರಿಸರದ ಮೇಲಾಗುವ ಪರಿಣಾಮವನ್ನು ಮುಂಚಿತವಾಗಿ ಅಳೆಯಬೇಕೆಂಬ ಅಮೆರಿಕದ ಕಾನೂನು ಜಾರಿಗೆ ಬಂದದ್ದು 1970ರ ಜನವರಿ 1ರಂದು. ಅದು ಕೇಂದ್ರ ಸರಕಾರದ ಕಾರ್ಯಗಳಿಗೆ ಮಾತ್ರ ಅನ್ವಯಿಸಿತು. ಸ್ಥಳೀಯ ಶಾಲಾ ಮಂಡಳಿಗಳನ್ನೂ ಒಳಗೊಳ್ಳುವ ಕಾನೂನನ್ನು ನ್ಯೂಯಾರ್ಕ್ ರಾಜ್ಯ 1975ರಲ್ಲಿ ತಂದಿತು. ಆ ಶಾಲೆಗೆ ಆಗಲೇ ಇಪ್ಪತ್ತು ವರ್ಷ ತುಂಬಿತ್ತು. ಕಟ್ಟಡವು ನೆಲಕ್ಕೆ ಏನು ಮಾಡುತ್ತದೆ ಎಂಬುದರಷ್ಟೇ, ನೆಲವು ಮಕ್ಕಳಿಗೆ ಏನು ಮಾಡೀತು ಎಂಬುದೂ ಮುಖ್ಯವೆಂದು ಈ ಚರಿತ್ರೆ ಕಲಿಸುತ್ತದೆ.

ನಮ್ಮ ದೇಶದಲ್ಲಿ ಇಂಥ ಅಧ್ಯಯನವನ್ನು 1994ರ ಅಧಿಸೂಚನೆ ಕಡ್ಡಾಯಗೊಳಿಸಿತಾದರೂ ಅದು ದೊಡ್ಡ ಯೋಜನೆಗಳಿಗೆ ಸೀಮಿತವಾಗಿತ್ತು. 2006ರ ಅಧಿಸೂಚನೆಯು 20,000 ಚದರ ಮೀಟರಿಗೆ ಮೇಲ್ಪಟ್ಟ ಕಟ್ಟಡಗಳಿಗೆ ಪೂರ್ವಾನುಮತಿ ಬೇಕೆಂದಿತು. 2014ರಲ್ಲಿ ಶಾಲಾ ಕಾಲೇಜುಗಳಿಗೆ ವಿನಾಯಿತಿ ದೊರೆಯಿತು; 2025ರ ಜನವರಿಯ ಅಧಿಸೂಚನೆಯೂ ಅದನ್ನು ಉಳಿಸಿಕೊಂಡಿತು. ಅದೇ ವರ್ಷದ ಆಗಸ್ಟ್ 5ರಂದು ಸರ್ವೋಚ್ಚ ನ್ಯಾಯಾಲಯ ಆ ವಿನಾಯಿತಿಯನ್ನು ರದ್ದುಪಡಿಸಿತು.

ನಮ್ಮ ಧರ್ಮಕೇಂದ್ರಗಳ ಶಾಲೆಗಳಲ್ಲಿ ಹೆಚ್ಚಿನವು ಅಷ್ಟು ದೊಡ್ಡವಲ್ಲ. ಕಾನೂನು ಅವುಗಳನ್ನು ಪ್ರಶ್ನಿಸದಿರಬಹುದು. ಆದುದರಿಂದಲೇ ಪ್ರಶ್ನಿಸುವ ಹೊಣೆ ನಮ್ಮ ಮೇಲಿದೆ. ನಿಮ್ಮೂರಿನಲ್ಲಿ ಹೊಸ ಶಾಲೆಯ ಮಾತು ಬಂದಾಗ, ನಕ್ಷೆ ಬರೆಯಿಸುವುದಕ್ಕೆ ಮೊದಲು ಊರಿನ ಹಿರಿಯರನ್ನು ಕೂರಿಸಿಕೊಂಡು ಕೇಳಿರಿ: ಈ ನೆಲದಲ್ಲಿ ಹಿಂದೆ ಏನಿತ್ತು? ಮಳೆನೀರು ಯಾವ ದಾರಿಯಾಗಿ ಹರಿಯುತ್ತಿತ್ತು? ಶೌಚಾಲಯದ ನೀರು ಯಾರ ಬಾವಿಯತ್ತ ಇಳಿದೀತು? ಕ್ರಯಪತ್ರವನ್ನು ಕೊನೆಯ ಸಾಲಿನವರೆಗೂ ಓದಿರಿ. ನಯಾಗರ ಫಾಲ್ಸ್‌ನಲ್ಲಿ ಉತ್ತರ ಅಲ್ಲಿಯೇ ಬರೆದಿಟ್ಟಿತ್ತು.